ತೊಗರ್ಸಿ ಹುಡುಗಿಯ ಪ್ಲೇಟು

"ಇನ್ನೊಂಚೂರು ಒತ್ರಪ್ಪ, ಎಡಗಾಲು ಸರಿಯಾಗಿ ಕೂತಿಲ್ಲ" ಎಂದರು ಅಯ್ಯನವರು. ಇಬ್ಬರು ಪರಮಶಿವಪ್ಪನ ಮೊಣಕಾಲಿನ ಮೇಲೆ ಭಾರ ಹಾಕಿ ಒತ್ತಿದರು. ಬೆಳಗಿನ ಜಾವ ಹೋದ ಜೀವ, ಬಿಸಿಲೇರುವ ಹೊತ್ತಿಗೆ ಮೈ ಸೆಟೆಯತೊಡಗಿತ್ತು. ಮಲಗಿಸಿ ಕಳಿಸುವ ಮನೆತನ ಅವರದಲ್ಲ. ಪದ್ಮಾಸನ ಹಾಕಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕೂತಂತೆಯೇ ಮಣ್ಣಿಗೆ ಇಳಿಸಬೇಕು. ಗ್ರಾಮಫೋನಿನ ಮುಂದೆ ಗಂಟೆಗಟ್ಟಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ ಮನುಷ್ಯ ಇವತ್ತು ಕೂರಲು ಹಟ ಮಾಡುತ್ತಿದ್ದ.

ಅವನ ಹೆಂಡತಿ ರಾಜೇಶ್ವರಮ್ಮ ಕಂಬಕ್ಕೊರಗಿ ನೋಡುತ್ತಿದ್ದಳು. ಅಳು ಬೆಳಿಗ್ಗೆಯೇ ಬಂದು ಹೋಗಿತ್ತು. ಈಗ ಉಳಿದಿದ್ದು ಒಂಥರಾ ಸಿಟ್ಟು, ಅದು ಯಾರ ಮೇಲೆ ಎಂದು ಕೇಳಿದರೆ ಹೆಣದ ಮೇಲೆ ಎಂದು ಹೇಳಲಾಗುತ್ತದೆಯೇ?

ಕೊನೆಗೆ ಕಾಲು ಕೂತಿತು. ಹಣೆಗೆ ವಿಭೂತಿ ಬಳಿದು, ರುಮಾಲು ಸುತ್ತಿ, ಚೆಂಡು ಹೂವಿನ ಹಾರ ಹಾಕಿ ಪಡಸಾಲೆಯ ಗೋಡೆಗೆ ಒರಗಿಸಿದರು. ಬೆನ್ನ ಹಿಂದೆಯೇ ಅವನ ಗಾಜಿನ ಬಾಗಿಲಿನ ಬೀರು. ಒಳಗೆ ಮುನ್ನೂರ ಹನ್ನೆರಡು ಗ್ರಾಮಫೋನ್ ಪ್ಲೇಟು, ಒಂದೊಂದಕ್ಕೂ ಕಂದು ಕಾಗದದ ಅಂಗಿ, ಅಂಗಿಯ ಮೇಲೆ ನಂಬರು. ಶಿಕಾರಿಪುರದ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟ ಮನುಷ್ಯನಿಗೆ ಸೀರೆ ಪಂಚೆಗಿಂತ ಇದೇ ಹೆಚ್ಚಾಗಿತ್ತು. ಮುರಿದುಬಿದ್ದ ನಾಟಕ ಕಂಪನಿಗಳ ಪೆಟ್ಟಿಗೆ, ಹಾವೇರಿಯ ವಕೀಲರೊಬ್ಬರ ಅಟ್ಟ, ದಾವಣಗೆರೆಯ ಗುಜರಿ, ಎಲ್ಲಿ ಹಳೆಯ ಪ್ಲೇಟಿನ ವಾಸನೆ ಬಂದರೂ ಅಂಗಡಿ ಬಾಗಿಲು ಹಾಕಿ ಹೊರಟುಬಿಡುತ್ತಿದ್ದ. ಒಂದೇ ಮೈಗೆ ಹಾಡು ಇರುವ ಪುರಾತನ ಪ್ಲೇಟುಗಳೇ ಹದಿನಾಲ್ಕಿದ್ದವು. ಊರಿನ ಹೋಟೆಲಿಗೆ ರೇಡಿಯೋ ಬಂದ ಮೇಲೆ ಜನ ನಕ್ಕರು. ಅವನೂ ನಕ್ಕ, ಅವರಿಗೆ ಕಿವಿ ಇಲ್ಲ ಎಂದು.

ಸಾವಿಗೆ ಬಂದವರು ಕೈಮುಗಿಯುತ್ತಿದ್ದುದು ಹೆಣಕ್ಕೆ, ನೋಡುತ್ತಿದ್ದುದು ಬೀರುವನ್ನು.

"ನಿನ್ನೆ ಸಂಜೀಕೂ ಪ್ಲೇಟು ಒರೆಸ್ತಾ ಕುಂತಿದ್ರು. ಎದೆ ಹಿಡ್ಕಂಡಂಗೆ ಆಗ್ತದೆ ಅಂತ ಒಂದು ಮಾತು ಆಡ್ಲಿಲ್ಲ" ಎಂದು ಮಹೇಶ್ವರಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಅವನು ಸತ್ತವನ ತಮ್ಮ. ರಾಜೇಶ್ವರಮ್ಮ ಈ ಮನೆಗೆ ಬಂದಾಗ ಎಂಟು ವರ್ಷದವನು. ಅವಳಿಗೆ ಮಕ್ಕಳಾಗಲಿಲ್ಲ. ಇವನನ್ನೇ ಉಣಿಸಿ, ತಲೆ ಬಾಚಿ ದೊಡ್ಡವನನ್ನಾಗಿ ಮಾಡಿದ್ದಳು.

ಹನ್ನೊಂದರ ಬಸ್ಸಿಗೆ ಸೊರಬದಿಂದ ಶೇಷಪ್ಪ ಮೇಷ್ಟ್ರು ಬಂದರು. ಅವರದೂ ಇದೇ ಹುಚ್ಚು. ಇಪ್ಪತ್ತು ವರ್ಷದಿಂದ ತಿಂಗಳಿಗೊಮ್ಮೆ ಬಂದು ಪರಮಶಿವಪ್ಪನ ಎದುರು ಕೂತು, ಕಣ್ಣು ಮುಚ್ಚಿ ಪ್ಲೇಟು ಕೇಳಿ, ಒಂದೊಂದು ಪ್ಲೇಟಿಗಾಗಿ ಜಗಳವಾಡಿ, ಊಟ ಮಾಡಿ ಹೋಗುತ್ತಿದ್ದವರು. ಹೆಣದ ಪಾದಕ್ಕೆ ಹಣೆ ಹಚ್ಚಿ ಗಳಗಳನೆ ಅತ್ತರು. ಆ ಅಳುವಿನಲ್ಲಿ ಸುಳ್ಳಿರಲಿಲ್ಲ. ಕಣ್ಣೊರೆಸಿಕೊಂಡು ಎದ್ದವರೇ ರಾಜೇಶ್ವರಮ್ಮನ ಹತ್ತಿರ ಬಂದು ದನಿ ತಗ್ಗಿಸಿದರು.

"ಅಮ್ಮ, ಈ ಹೊತ್ತಲ್ಲಿ ಕೇಳಬಾರ್ದು. ಆ ತೊಗರ್ಸಿ ಹುಡುಗಿ ಪ್ಲೇಟು ಹುಷಾರಾಗಿದೆ ತಾನೆ?"

"ಅದಕ್ಕೇನಾಗ್ತದೆ" ಎಂದಳು ರಾಜೇಶ್ವರಮ್ಮ. "ಅದು ಯಾವಾಗ್ಲೂ ಹುಷಾರಾಗೇ ಇರ್ತದೆ."

*

ಆ ಹುಡುಗಿ ಅವಳೇ.

ಆಗ ಅವಳ ಹೆಸರು ಬಸವಣ್ಣೆಮ್ಮ, ವಯಸ್ಸು ಹದಿನಾರು. ಸೋದರಮಾವ ಒಬ್ಬ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದ. ಹುಬ್ಬಳ್ಳಿಗೆ ಪ್ಲೇಟು ಮಾಡುವವರು ಬಂದಿದ್ದಾರೆ ಎಂದು ಗೊತ್ತಾಗಿ, ತಾನು ಬಾರಿಸಲು ಹೋದವನು ಇವಳನ್ನೂ ಕರೆದುಕೊಂಡು ಹೋದ. ಒಂದು ಬದಿಗೆ ಅವನ ಹಾರ್ಮೋನಿಯಂ, ಇನ್ನೊಂದು ಬದಿಗೆ ಇವಳ ಹಾಡು. ಅವ್ವ ಬೀಸುವಾಗ ಹೇಳುತ್ತಿದ್ದ ಪದ, ತೊಗರ್ಸಿಯ ಮಲ್ಲಿಕಾರ್ಜುನನನ್ನು ಮನೆಯ ಮಗನಂತೆ ಊಟಕ್ಕೆ ಕರೆಯುವುದು: "ಗಂಗಾಳ ತೊಳೆದಿಟ್ಟೆ, ಉಣಬಾರೋ ಮಲ್ಲಯ್ಯ." ಒಂದು ದೊಡ್ಡ ಕೊಳವೆಯೊಳಗೆ ಬಾಯಿಟ್ಟಂತೆ ನಿಂತು ಮೂರು ನಿಮಿಷ ಹಾಡಿದ್ದಳು. ದನಿ ಒಂದಿಷ್ಟೂ ಅಲುಗಿರಲಿಲ್ಲ. ಪ್ಲೇಟಿನ ನಡುವೆ ಕೆಂಪು ಕಾಗದದಲ್ಲಿ ಅಚ್ಚು ಹಾಕಿಸಿದ್ದರು: ಕುಮಾರಿ ಬಸವಣ್ಣೆಮ್ಮ, ತೊಗರ್ಸಿ.

ಪರಮಶಿವಪ್ಪ ಆ ಪ್ಲೇಟನ್ನು ಕೊಂಡು, ಕೇಳಿ, ತೊಗರ್ಸಿಗೆ ಹಿರಿಯರನ್ನು ಕಳಿಸಿದ. ಹೆಣ್ಣು ನೋಡಲು ಬಂದವನು ಅವಳ ಮುಖ ನೋಡಿದನೋ ಇಲ್ಲವೋ. "ಹಾಡ್ತೀರಾ?" ಎಂದಷ್ಟೇ ಕೇಳಿದ. ತನ್ನ ದನಿ ಕೇಳಿ ಹುಡುಕಿಕೊಂಡು ಬಂದ ಗಂಡ! ಊರಿನ ಹುಡುಗಿಯರೆಲ್ಲ ಹೊಟ್ಟೆಕಿಚ್ಚು ಪಟ್ಟರು. ಅವಳೂ ನೆಲ ಬಿಟ್ಟು ನಡೆದಳು.

ಅತ್ತೆಗೆ ಇದು ಹಿಡಿಸಲಿಲ್ಲ. ಪ್ಲೇಟಿನಲ್ಲಿ ಹಾಡುವವರು ನಾಟಕದ ಹೆಂಗಸರು ಎಂಬ ಕಾಲ. ಬಜಾರಿನಲ್ಲಿ ಮಾರಾಟವಾಗುವ ಹೆಸರು ನಮ್ಮ ಮನೆಯ ಸೊಸೆಗೆ ಬೇಡ ಎಂದು, ಮನೆ ತುಂಬಿಸಿಕೊಳ್ಳುವ ದಿನ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆಸಿದಳು. ಅತ್ತೆ ಮನೆಯಲ್ಲಿ ಹೆಸರು ಬದಲಾಗುವುದು ಹೊಸದಲ್ಲ. ಅವತ್ತಿನಿಂದ ಅವಳು ರಾಜೇಶ್ವರಮ್ಮ. ಪ್ಲೇಟಿನ ಹುಡುಗಿ ಯಾರೋ ಬೇರೆ. ಎಂಟು ವರ್ಷದ ಮೈದುನನಿಗೂ ನಿಜ ಹೇಳಕೂಡದೆಂದು ಅತ್ತೆಯ ಕಟ್ಟಪ್ಪಣೆ.

ಮದುವೆಯಾದ ಹೊಸದರಲ್ಲಿ ಒಂದು ದಿನ ಬೀಸುತ್ತ ಅದೇ ಪದ ಹೇಳಿಕೊಳ್ಳುತ್ತಿದ್ದಳು. ಗಂಡ ಬಾಗಿಲಿಗೆ ಬಂದು ನಿಂತ. ಮೆಚ್ಚಿಕೊಳ್ಳುತ್ತಾನೆಂದು ಅವಳ ಮುಖ ಅರಳಿತು. ಅವನು ಕೈ ಹಿಡಿದು ಪಡಸಾಲೆಗೆ ಕರೆದೊಯ್ದು ಕೂರಿಸಿ, ಗ್ರಾಮಫೋನಿಗೆ ಹೊಸ ಮುಳ್ಳು ಸಿಕ್ಕಿಸಿ, ಕೀ ಕೊಟ್ಟು ಪ್ಲೇಟು ಹಾಕಿದ.

"ಕೇಳು. 'ಮಲ್ಲಯ್ಯ' ಅನ್ನೋ ಕಡೆ ಎಷ್ಟು ಚಂದ ಎಳ್ದೀಯ ನೋಡು. ಈಗ ನಿನಗೆ ಅದು ಬರ್ತಿಲ್ಲ."

ಒಂದಲ್ಲ, ಹತ್ತು ಸಲ ಹೀಗಾಯಿತು. ಅವನು ಗದರಿದವನಲ್ಲ, ಕೈ ಎತ್ತಿದವನಂತೂ ಅಲ್ಲವೇ ಅಲ್ಲ. ಪ್ಲೇಟಿನಲ್ಲಿ ಇದ್ದಂತೆ ಇರು ಎನ್ನುತ್ತಿದ್ದ, ಅಷ್ಟೆ. ಹಾಡು ಗಂಟಲಿನಲ್ಲಿ ಒಂದೊಂದು ದಿನ ಒಂದೊಂದು ಥರ ಇರುತ್ತದೆ ಎಂದು ಅವನಿಗೆ ಹೇಳುವ ಬಾಯಿ ಅವಳಿಗಿರಲಿಲ್ಲ. ಕ್ರಮೇಣ ಬೀಸುವಾಗ ಕಲ್ಲಿನ ಸದ್ದು ಮಾತ್ರ ಉಳಿಯಿತು.

ಮುಂದೆ ಪ್ಲೇಟಿನ ಹುಚ್ಚಿನವರು ಮನೆಗೆ ಬರತೊಡಗಿದರು. ಆ ಪ್ಲೇಟನ್ನು ಅವನು ವರ್ಷಕ್ಕೆ ಎರಡೋ ಮೂರೋ ಸಲ ಹಾಕುತ್ತಿದ್ದ, ಸವೆದೀತೆಂದು. ಹಾಕಿದಾಗ ಅವನ ಕಣ್ಣಲ್ಲಿ ನೀರು ತುಂಬುತ್ತಿತ್ತು. ಒಮ್ಮೆ ಶೇಷಪ್ಪ ಮೇಷ್ಟ್ರು ಕೇಳಿದರು: "ಈ ಹುಡುಗಿ ಈಗ ಎಲ್ಲಿದಾಳೆ ಮಾರಾಯ್ರೆ? ಇನ್ನೊಂದು ಪ್ಲೇಟು ಯಾಕೆ ಮಾಡ್ಲಿಲ್ಲ?"

ರಾಜೇಶ್ವರಮ್ಮ ಕಾಫಿ ಲೋಟ ಇಡಲು ಬಗ್ಗಿದ್ದಳು. ಅವಳ ಗಂಡ ಒಂದು ಕ್ಷಣವೂ ತಡವರಿಸಲಿಲ್ಲ.

"ಅವಳು ಹೋಗಿಬಿಟ್ಳು ಮೇಷ್ಟ್ರೇ. ಪ್ಲೇಟು ಮಾಡಿಸಿದ ಮುಂದಿನ ವರ್ಷವೇ."

"ಛೆ ಛೆ ಛೆ" ಎಂದರು ಮೇಷ್ಟ್ರು. "ಅದಕ್ಕೇ ನೋಡಿ, ಆ ದನಿಯಲ್ಲಿ ಅಂಥದ್ದೇನೋ ಇದೆ."

ಲೋಟ ಇಟ್ಟು ಅಡುಗೆಮನೆಗೆ ಹೋದಳು. ಯಾಕೆ ಹಾಗೆ ಹೇಳಿದಿರಿ ಎಂದು ಆಮೇಲೆ ಕೇಳಿದ್ದಕ್ಕೆ, "ಮತ್ತೇನು ಹೇಳಲಿ? ಮನೆ ಮರ್ಯಾದೆ ನೋಡಬೇಡವಾ?" ಎಂದ. ಆಗ ಅತ್ತೆ ಸತ್ತು ಆರು ವರ್ಷವಾಗಿತ್ತು, ಮರ್ಯಾದೆ ಕಾಯಲು ಮನೆಯಲ್ಲಿ ಯಾರೂ ಇರಲಿಲ್ಲ. ಸತ್ತವಳ ಪ್ಲೇಟಿಗೆ ಬೆಲೆ ಹೆಚ್ಚು ಎಂಬುದು ಅವಳಿಗೆ ಅರ್ಥವಾಗಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಷ್ಟರಲ್ಲಿ ಮೇಷ್ಟ್ರು ಊರೂರಿನ ಪ್ಲೇಟಿನವರಿಗೆಲ್ಲ ಆ ಸಾವನ್ನು ಸಾರಿಬಿಟ್ಟಿದ್ದರು. ತನ್ನ ಮೇಲೆ ತನಗೇ ಹೊಟ್ಟೆಕಿಚ್ಚು ಪಡುವಂಥ ಹಣೆಬರಹ ಇನ್ನು ಯಾರಿಗಿದೆಯೋ ಕಾಣೆ. ಅವಳಿಗಿತ್ತು.

*

ತೊಗರ್ಸಿಯಿಂದ ಹುಲಿಯಮ್ಮ ಬಂದಿದ್ದಳು. ರಾಜೇಶ್ವರಮ್ಮನ ತವರಿನಲ್ಲಿ ಕೆಲಸಕ್ಕಿದ್ದ ಮುದುಕಿ, ಅವಳನ್ನು ಎತ್ತಿ ಆಡಿಸಿದವಳು. ತವರಿನ ಕಡೆ ಅಂತ ಉಳಿದಿದ್ದವಳು ಇವಳೊಬ್ಬಳೇ. ಎರಡೂ ಕಾಲು ಊದಿಕೊಂಡು ಬಾಗಿಲ ಮಗ್ಗುಲಲ್ಲಿ ಕೂತುಬಿಟ್ಟಿದ್ದಳು.

"ಬಸವಣ್ಣೀ, ಇಲ್ಲಿ ಬಾರೆ" ಎಂದಳು.

ಆ ಹೆಸರು ಕೇಳಿ ರಾಜೇಶ್ವರಮ್ಮ ತಟ್ಟನೆ ತಿರುಗಿದಳು. ಹತ್ತಿರ ಹೋಗಿ ಕೂತಳು.

"ಒಂದು ಪದ ಹೇಳಿ ಕಳ್ಸೇ ನಿನ್ ಗಂಡನ್ನ. ನಿಮ್ಮವ್ವ ಹೋದಾಗ ನೀನೇ ಹೇಳಿದ್ದಲ್ಲೇ, ಊರೆಲ್ಲ ಅತ್ತಿತ್ತು."

"ಮರ್ತುಬಿಟ್ಟೀನಿ ಹುಲಿಯಮ್ಮ."

"ಉಣ್ಣೋದು ಮರ್ತೀಯೇನು? ಗಂಟ್ಲು ಇಲ್ಲೇ ಐತಲ್ಲ" ಎಂದು ಮುದುಕಿ ಒಣಗಿದ ಬೆರಳಿನಿಂದ ಅವಳ ಕುತ್ತಿಗೆ ಮುಟ್ಟಿದಳು.

ಅಲ್ಲಿಯವರೆಗೆ ಹೊಳೆಯದ ಒಂದು ಯೋಚನೆ ಆಗ ರಾಜೇಶ್ವರಮ್ಮನ ತಲೆಗೆ ಬಂತು, ಬಂದು ಕೂತೇಬಿಟ್ಟಿತು. ಹಾಡಬೇಕು. ನೀನು ಸಾಯಿಸಿದವಳು ಇಲ್ಲಿದ್ದಾಳೆ ನೋಡು ಎಂದು, ಅವನ ಎದುರಿಗೆ, ಈ ಎಲ್ಲರ ಎದುರಿಗೆ, ಒಂದೇ ಒಂದು ಸಲ. ಅವನು ಮಣ್ಣಿನೊಳಗೆ ಹೋದ ಮೇಲೆ ಹಾಡಿದರೇನು ಬಿಟ್ಟರೇನು? ಏನಿದ್ದರೂ ಇವತ್ತೇ, ಅವನ ಮುಖ ಮರೆಯಾಗುವಷ್ಟರೊಳಗೆ.

ಭಜನೆಯವರನ್ನು ಕರೆತರಲು ಸೈಕಲ್ಲಿನಲ್ಲಿ ಹೋಗಿದ್ದ ಆಳು ಮಧ್ಯಾಹ್ನ ಒಂದಕ್ಕೆ ಬರಿಗೈಯಲ್ಲಿ ಬಂದ. ಬಳ್ಳಿಗಾವಿಯ ಭಜನೆಯವರು ಇಂಥದೇ ಇನ್ನೊಂದು ಕೆಲಸಕ್ಕೆ ಹೊಸಬಾಳೆಗೆ ಹೋಗಿದ್ದಾರಂತೆ, ಸಂಜೆಯ ತನಕ ಬರುವುದಿಲ್ಲವಂತೆ. ಹೊರಗೆ ಬಿದಿರು ಬಾಳೆಕಂದು ಕಟ್ಟಿ ಹೆಣ ಕೂರಿಸಿ ಒಯ್ಯುವ ವಿಮಾನ ಸಿದ್ಧವಾಗಿತ್ತು. ಅಯ್ಯನವರು ಬಿಸಿಲು ನೋಡಿದರು.

"ಶಿವನ ಪದ ಇಲ್ದೆ ವಿಮಾನ ಎತ್ತಬಾರ್ದು. ಯಾರಾದ್ರೂ ಒಂದು ನುಡಿ ಹೇಳ್ರಪ್ಪ. ಗಂಡಸರೇ ಆಗ್ಬೇಕು ಅಂತೇನಿಲ್ಲ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಜೇಶ್ವರಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ನಾನು..." ಎಂದಳು.

"ಅತ್ತಿಗೆ, ನೀವು ಕುಂದ್ರಿ, ಓಡಾಡಬ್ಯಾಡ್ರಿ" ಎಂದು ಮಹೇಶ್ವರಪ್ಪ ತೋಳು ಹಿಡಿದು ಕೂರಿಸಿದ. ಆಮೇಲೆ ಅವನ ಕಣ್ಣು ಬೀರುವಿನ ಮೇಲೆ ಹೋಗಿ ಮುಖ ಅರಳಿತು. "ಅಲ್ರೀ, ಭಜನೆಯವ್ರು ಯಾಕೆ ಬೇಕು? ಅಣ್ಣ ಜೀವಮಾನಪೂರ್ತಿ ಕೂಡಿಟ್ಟಿದ್ದು ಏನು? ಪ್ಲೇಟು ಹಾಕಿ ಕಳ್ಸಣ!"

"ಆಹಾ" ಎಂದಿತು ಸಭೆ. ಎಂಥ ಒಳ್ಳೆಯ ವಿಚಾರ! ಅಯ್ಯನವರೂ ತಲೆಯಾಡಿಸಿದರು, ಶಿವನ ಪದವಾದರೆ ಸಾಕು, ಯಾರ ಬಾಯಿಂದ ಬಂದರೇನು ಎಂದು. ಯಾವ ಪ್ಲೇಟು ಎಂದು ಯಾರೂ ಕೇಳಬೇಕಾಗಲಿಲ್ಲ.

"ತೊಗರ್ಸಿ ಹುಡುಗೀದು" ಎಂದರು ಶೇಷಪ್ಪ ಮೇಷ್ಟ್ರು. ಆಗಲೇ ಎದ್ದು ನಿಂತಿದ್ದರು.

ಬೀರುವಿನ ಬೀಗದಕೈ ಸತ್ತವನ ಉಡಿದಾರದಲ್ಲಿತ್ತು. ಮಹೇಶ್ವರಪ್ಪ ಹೂವಿನ ಹಾರ ಸರಿಸಿ, ಪಂಚೆಯೊಳಗೆ ಕೈಹಾಕಿ ಬಿಚ್ಚಿಕೊಂಡ. ಪರಮಶಿವಪ್ಪ ಬದುಕಿದ್ದಾಗ ಆ ಬೀಗಕ್ಕೆ ಇನ್ನೊಬ್ಬರ ಕೈ ತಾಗಿದ್ದಿಲ್ಲ. ಮೇಷ್ಟ್ರು ಕೈ ಎರಡನ್ನೂ ತೊಳೆದು, ಶಲ್ಯದಲ್ಲಿ ಒರೆಸಿಕೊಂಡು ಪ್ಲೇಟನ್ನು ಅಂಗಿಯಿಂದ ತೆಗೆದರು. ಇಪ್ಪತ್ತು ವರ್ಷ ಕೈಯಳತೆಯಲ್ಲಿದ್ದೂ ಮುಟ್ಟಲಾಗದೆ ಇದ್ದದ್ದು. ಅವರ ಮುಖದಲ್ಲಿ ದುಃಖ ಎಷ್ಟಿತ್ತು, ಸಂತೋಷ ಎಷ್ಟಿತ್ತು ಎಂದು ಅವರಿಗೂ ಗೊತ್ತಿರಲಿಲ್ಲ.

ಹಾಡು ಎದ್ದಿತು. ಹದಿನಾರು ವರ್ಷದ ಎಳೆಯ ದನಿ, ಗದ್ದಲದ ನಡುವಿನಿಂದ ಸೀಳಿಕೊಂಡು ಬಂದು ಪಡಸಾಲೆಯನ್ನೆಲ್ಲ ತುಂಬಿತು. ಗಂಗಾಳ ತೊಳೆದಿಟ್ಟೆ, ಉಣಬಾರೋ ಮಲ್ಲಯ್ಯ. ನೆರೆಮನೆಯ ವರದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಷ್ಟು ಚಂದ ಹಾಡ್ಯಾಳೆ ಪುಣ್ಯಾತ್ಗಿತ್ತಿ. ಈಗಿಲ್ವಂತೆ ಪಾಪ" ಎಂದು ರಾಜೇಶ್ವರಮ್ಮನ ಕಿವಿಯಲ್ಲಿಯೇ ಹೇಳಿದಳು. ಬಾಗಿಲ ಮಗ್ಗುಲಲ್ಲಿ ಹುಲಿಯಮ್ಮ ಏನೋ ಕೂಗುತ್ತಿದ್ದಳು. "ಅದು ನಮ್ಮ ಬಸವಣ್ಣೀದು ಕಣ್ರೋ!" ಎಂದು. ಶಂಖ ಜಾಗಟೆ ಮೊಳಗಿದವು, ವಿಮಾನ ಮೇಲೆದ್ದಿತು, ಮುದುಕಿಯ ಮಾತು ಯಾರಿಗೂ ಕೇಳಲಿಲ್ಲ.

*

ಹೊಲದ ಅಂಚಿನಲ್ಲಿ ಗುಂಡಿ ತೋಡಿಸಿದ್ದರು. ಗುಂಡಿಯ ಒಳಮೈಗೆ, ಕೂತ ಮನುಷ್ಯ ಹಿಡಿಯುವಷ್ಟು ಗೂಡು. ಗುತ್ಯಪ್ಪ ಎಂಬ ಆಳು ಅದನ್ನು ನುಣ್ಣಗೆ ಕೆತ್ತಿ, ಸಗಣಿ ಸಾರಿಸಿ ಇಟ್ಟಿದ್ದ. ಹುಲಿಯಮ್ಮ ಮನೆಯಲ್ಲೇ ಉಳಿದಿದ್ದಳು, ಅವಳ ಕಾಲಿಗೆ ಅಷ್ಟು ದೂರ ಆಗದು. ಹಿಂದಿನಿಂದ ಎತ್ತಿನ ಗಾಡಿಯಲ್ಲಿ ಗ್ರಾಮಫೋನು ಬಂತು. ಅದನ್ನು ಇಳಿಸಿ ಒಂದು ಸ್ಟೂಲಿನ ಮೇಲೆ, ಗುಂಡಿಯ ದಂಡೆಗೇ ಇಟ್ಟರು.

ಪರಮಶಿವಪ್ಪನನ್ನು ಇಳಿಸಿ ಗೂಡಿನಲ್ಲಿ ಕೂರಿಸಿದರು. ಅಯ್ಯನವರು ಮಂತ್ರ ಹೇಳಿ ಬಿಲ್ವಪತ್ರೆ, ವಿಭೂತಿ ಹಾಕಿಸಿದರು. ಮೇಲಿನಿಂದ ನೋಡಿದರೆ ರುಮಾಲು, ಹಣೆಯ ವಿಭೂತಿ, ಮುಚ್ಚಿದ ಕಣ್ಣು. ಪ್ಲೇಟು ಕೇಳುವಾಗ ಕೂರುತ್ತಿದ್ದ ಹಾಗೆಯೇ ಇದ್ದ.

"ಮಣ್ಣು ಬೀಳೋ ಮುಂಚೆ ಇನ್ನೊಂದು ಸಲ ಕೇಳಿಸ್ರಿ ಮೇಷ್ಟ್ರೇ" ಎಂದ ಮಹೇಶ್ವರಪ್ಪ. ಅವನ ಕಣ್ಣು ಕೆಂಪಾಗಿತ್ತು.

ಮೇಷ್ಟ್ರು ಹೊಸ ಮುಳ್ಳು ಸಿಕ್ಕಿಸಿದರು. ಪ್ಲೇಟು ತಿರುಗಿತು. ಆ ಹುಡುಗಿ ಉಸಿರೆಳೆದುಕೊಂಡಳು. ಎಲ್ಲಿ ಉಸಿರೆಳೆಯುತ್ತಾಳೆಂದು ರಾಜೇಶ್ವರಮ್ಮನಿಗೆ ಗೊತ್ತಿತ್ತು. ತಾನೂ ಅಲ್ಲಿಯೇ ಉಸಿರೆಳೆದುಕೊಂಡು ಬಾಯಿ ತೆರೆದಳು.

ಮೊದಲು ಬಂದದ್ದು ಗೊಗ್ಗರು ದನಿ. ಇಪ್ಪತ್ತೇಳು ವರ್ಷ ಮುಚ್ಚಿಟ್ಟ ಗಂಟಲು. ಎರಡನೆಯ ಸಾಲಿಗೆ ಅದು ಬಿಟ್ಟುಕೊಂಡಿತು. ಎಳೆಯ ದನಿಯ ಕೆಳಗೆ ಅಗಲವಾದ, ದಪ್ಪನೆಯ ಇನ್ನೊಂದು ದನಿ ಹರಿಯಿತು. ಅದು ಪ್ಲೇಟಿನ ಹಾಗಿರಲಿಲ್ಲ. ಮಲ್ಲಯ್ಯನನ್ನು ಕರೆದು ಕರೆದು ಸಾಕಾಗಿ, ಅನ್ನ ಆರಿಹೋದ ಮೇಲೂ ಕರೆಯುತ್ತಿರುವ ಹೆಂಗಸಿನ ದನಿ. ತನ್ನ ಹಾಡು ಇಷ್ಟು ದೊಡ್ಡದಾಗಿ ಬೆಳೆದಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಗುಂಡಿಯೊಳಗಿನ ಮುಖವನ್ನೇ ನೋಡುತ್ತ ಹಾಡಿದಳು. ಕೇಳು, ಈಗ ಕೇಳು.

ಜನ ತಿರುಗಿ ನೋಡಿದರು. ಯಾರೋ ಲೊಚಗುಟ್ಟಿದರು. ಮಹೇಶ್ವರಪ್ಪ ಅವಳ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ:

"ಅತ್ತಿಗೆ, ಸುಮ್ನಿರ್ರಿ. ಹಾಡು ಕೇಳ್ಸಂಗಿಲ್ಲ."

ಅವಳ ದನಿ ಕಡಿದುಹೋಯಿತು. ತಾನು ಉಣಿಸಿದ ಬಾಯಿ ಅದು. ಅವನ ಮುಖ ನೋಡಿದಳು.

"ಅದು ನಾನೇ ಕಣೋ ಮಹೇಶ. ಪ್ಲೇಟಿನಾಗೆ ಹಾಡ್ತಿರೋದು ನಾನೇ."

"ಹೂಂ ಅತ್ತಿಗೆ, ನೀವೇ, ನೀವೇ. ಸಮಾಧಾನ ಮಾಡ್ಕಳ್ರಿ" ಎಂದು ಅವನು ಅವಳ ಬೆನ್ನು ಸವರಿದ. ಪಕ್ಕದಲ್ಲಿದ್ದ ವರದಮ್ಮನಿಗೆ ಕಣ್ಸನ್ನೆ ಮಾಡಿದ, ಸ್ವಲ್ಪ ಹಿಡಿದುಕೊಳ್ಳಿ ಎಂದು.

ಶೇಷಪ್ಪ ಮೇಷ್ಟ್ರು ಮಾತ್ರ ಬಗ್ಗಿದ್ದವರು ಹಾಗೆಯೇ ತಲೆಯೆತ್ತಿದ್ದರು. ಅವರಿಗೆ ಕಿವಿ ಇತ್ತು. 'ಮಲ್ಲಯ್ಯ' ಎನ್ನುವಲ್ಲಿನ ಆ ಎಳೆತ, ಉಸಿರಿನ ಆ ಜಾಗ, 'ಉಣಬಾರೋ' ಎನ್ನುವಾಗ ನಾಲಗೆ ಮಡಚುವ ಬಗೆ, ಇಪ್ಪತ್ತು ವರ್ಷ ಇದನ್ನೇ ಕಣ್ಣು ಮುಚ್ಚಿ ಕೇಳಿದವರು. ಅವರ ನೋಟ ಪ್ಲೇಟಿನಿಂದ ಅವಳ ಬಾಯಿಗೆ ಬಂತು, ಅಲ್ಲಿಂದ ಪ್ಲೇಟಿಗೆ ಹೋಯಿತು, ಮತ್ತೆ ಅವಳ ಕಣ್ಣಿಗೆ ಬಂದು ನಿಂತಿತು. ಅವರಿಗೆ ಗೊತ್ತಾಯಿತು. ಗೊತ್ತಾಯಿತೆಂದು ರಾಜೇಶ್ವರಮ್ಮನಿಗೂ ಗೊತ್ತಾಯಿತು. ಅವಳು ಕಾದಳು. ಇವರು ಒಂದು ಮಾತು ಹೇಳಿದರೆ ಸಾಕು, ಊರು ನಂಬುತ್ತದೆ.

ಮೇಷ್ಟ್ರು ಎದುರಿಗೆ ನಿಂತಿದ್ದ ಹೆಂಗಸನ್ನು ನೋಡಿದರು. ನರೆತ ಕೂದಲು, ಉಬ್ಬಿದ ಕಣ್ಣು, ತಿಂಗಳು ತಿಂಗಳೂ ತಮಗೆ ರೊಟ್ಟಿ ಬಡಿಸಿದ ಕೈ. ಆಮೇಲೆ ಕಣ್ಣು ತಗ್ಗಿಸಿದರು.

"ಪ್ಲೇಟು ಕೇಳಿ ಕೇಳಿ ಚೆನ್ನಾಗೇ ಕಲ್ತೀರಿ ಅಮ್ಮ" ಎಂದರು. "ಆದ್ರೂ ಆ ಹುಡುಗಿ ದನಿ ಬಿಡಿ, ಅದು ಇನ್ನೊಬ್ರಿಗೆ ಬರೋದಲ್ಲ."

ಅಷ್ಟರಲ್ಲಿ ಹಾಡು ಮುಗಿದಿತ್ತು. ಮುಳ್ಳು ಕರಕರ ಎನ್ನುತ್ತ ತಿರುಗುತ್ತಿತ್ತು. ಮಹೇಶ್ವರಪ್ಪ ಮೂಗು ಒರೆಸಿಕೊಂಡು, "ಮೇಷ್ಟ್ರೇ, ಈ ಪ್ಲೇಟು ನೀವೇ ಇಟ್ಕಳ್ರಿ. ಅಣ್ಣನ ನೆನಪಿಗೆ. ನಮಗೇನು ತಿಳೀತದೆ ಇದರದ್ದು?" ಎಂದ. ಮೇಷ್ಟ್ರು ಬೇಡ ಎನ್ನಲಿಲ್ಲ.

ಅಯ್ಯನವರು ಸನ್ನೆ ಮಾಡಿದರು. ಗುತ್ಯಪ್ಪ ಸಲಿಕೆ ತುಂಬಿ ಎಸೆದ. ಒಣ ಮಣ್ಣು, ಮಾಘದ ಗಾಳಿ. ಧೂಳು ದಂಡೆಯ ಮೇಲೆ ನಿಂತವರ ಮೇಲೆಲ್ಲ ಹಾರಿತು. ಎಲ್ಲರೂ ಹಿಂದೆ ಸರಿದರು, ರಾಜೇಶ್ವರಮ್ಮ ಸರಿಯಲಿಲ್ಲ. ಗೂಡಿನೊಳಗಿನ ಮೊಣಕಾಲು ಮುಚ್ಚಿತು, ಕೈ ಮುಚ್ಚಿತು, ಗದ್ದದ ತನಕ ಮಣ್ಣು ಬಂತು. ಅವಳ ರೆಪ್ಪೆಯ ಮೇಲೆ, ತುಟಿಯ ಮೇಲೆ, ಇನ್ನೂ ಅರ್ಧ ತೆರೆದೇ ಇದ್ದ ಬಾಯಿಯೊಳಗೆ ಧೂಳು ಕೂತಿತು.

ಎರಡು ಮಾರು ಆಚೆ ಶೇಷಪ್ಪ ಮೇಷ್ಟ್ರು ನೆಲದ ಮೇಲೆ ಕೂತಿದ್ದರು. ತೊಡೆಯ ಮೇಲೆ ಪ್ಲೇಟಿತ್ತು. ಶಲ್ಯದ ಮೆತ್ತನೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಾಯಿಯಿಂದ ಊದಿ ಊದಿ, ಕೆಂಪು ಕಾಗದದ ಮೇಲಿನ ಹೆಸರಿಗೆ ಕೂತ ಮಣ್ಣನ್ನು ಒರೆಸುತ್ತಿದ್ದರು.